ಹೂಂ ಎನ್ನುವವನ ಮಠವಾಸ

ಮಳೆಗಾಲದ ಮೀನುಗಾರಿಕೆಯ ಬಂದ್ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ವಾರವೇ ನನ್ನನ್ನು ಮಠಕ್ಕೆ ಅಟ್ಟಲಾಯಿತು. ಎರಡು ತಿಂಗಳು ಒಣಮೀನಿನ ಚಟ್ನಿಯಲ್ಲಿ ಜೀವ ಹಿಡಿದುಕೊಂಡು, ಅಂಕೋಲೆಯ ಮೀನುಪೇಟೆಗೆ ತಾಜಾ ಬಂಗಡೆ ಯಾವಾಗ ಬಂದೀತು ಎಂದು ದಾರಿ ಕಾಯುತ್ತಿದ್ದವನು ನಾನು. ಬಂಗಡೆ ಬಂತು, ನಾನು ಹೊರಟೆ. ಅದೂ ಏಳು ದಿನ, ಈರುಳ್ಳಿ ಬೆಳ್ಳುಳ್ಳಿಗೂ ಪ್ರವೇಶವಿಲ್ಲದ ಜಾಗಕ್ಕೆ, ನನಗೆ ಬಾರದ ಭಾಷೆಯ ನಡುವೆ. ಪುಣ್ಯ ಸಂಪಾದನೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಯಾರೂ ಮಾಡಿಕೊಡಲಾರರು.

ಅಟ್ಟಿದವಳು ನನ್ನ ಹೆಂಡತಿಯ ತಂಗಿ. ಅವಳ ಕಡೆಯೂ ನ್ಯಾಯವಿತ್ತೆಂದು ಈಗ ಒಪ್ಪುತ್ತೇನೆ. ಆಗ ಒಪ್ಪಿರಲಿಲ್ಲ.

ಜೂನ್ ತಿಂಗಳ ಒಂದು ಬೆಳಿಗ್ಗೆ ನನ್ನ ಹೆಂಡತಿಗೆ ಲಕ್ವಾ ಹೊಡೆಯಿತು. ಚಹಾದ ಲೋಟ ಕೈಯಿಂದ ಜಾರಿತು, ಬಾಯಿ ಒಂದು ಕಡೆಗೆ ವಾಲಿತು. ಕಾರವಾರದ ಆಸ್ಪತ್ರೆಗೆ ಬೇಗ ಮುಟ್ಟಿಸಿದ್ದರಿಂದ ಜೀವಕ್ಕೆ ಅಪಾಯವಾಗಲಿಲ್ಲ. ಬಲಗೈ ಸೋತಿತು, ಕಾಲು ಸ್ವಲ್ಪ ಎಳೆಯತೊಡಗಿತು, ಮಾತು ಪೂರ್ತಿ ನಿಂತುಹೋಯಿತು. ಮೂರು ವಾರ ಕಳೆದ ಮೇಲೆ ಮಾತು ತಿರುಗಿ ಬಂತು. ಆದರೆ ಬಂದದ್ದು ಕೊಂಕಣಿ. ಕನ್ನಡ ಬರಲಿಲ್ಲ.

"ಹೀಗಾಗುವುದುಂಟು" ಎಂದರು ಡಾಕ್ಟರರು, ಬಸ್ಸು ತಡವಾಗಿದೆ ಎಂದು ಹೇಳುವವರ ಹಾಗೆ. "ಚಿಕ್ಕಂದಿನ ಭಾಷೆ ಮೊದಲು ಬರುತ್ತದೆ. ಉಳಿದದ್ದು ಬರಬಹುದು, ಬರದೆಯೂ ಇರಬಹುದು. ನೀವು ಮಾತಾಡಿಸುತ್ತಾ ಇರಿ."

ಮಾತಾಡಿಸುತ್ತಾ ಇರಬೇಕಂತೆ. ಯಾವ ಭಾಷೆಯಲ್ಲಿ?

ನಾನು ನಿವೃತ್ತ ಕನ್ನಡ ಶಾಲಾ ಮಾಸ್ತರ. ಅಗಸೂರಿನಲ್ಲಿ ಹುಟ್ಟಿದೆ, ಹಟ್ಟಿಕೇರಿ ಮತ್ತು ಸುತ್ತಲಿನ ಶಾಲೆಗಳಲ್ಲಿ ಕಲಿಸಿದೆ, ಅಂಕೋಲೆ ಪೇಟೆಯಲ್ಲಿ ಮನೆ ಮಾಡಿದೆ. ಹೆಂಡತಿ ಕಾರವಾರದವಳು, ಅವಳ ತವರಿನಲ್ಲಿ ಬೆಕ್ಕಿಗೂ ಕೊಂಕಣಿಯಲ್ಲೇ ಬೈಯುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ ಅವಳ ಕನ್ನಡ ತಿದ್ದುವುದನ್ನು ನಾನೊಂದು ಕರ್ತವ್ಯವೆಂದು ತಿಳಿದಿದ್ದೆ. ಊಟಕ್ಕೆ ಕುಳಿತಾಗ ತಿದ್ದಿದೆ, ನೆಂಟರೆದುರು ತಿದ್ದಿದೆ, ಜಗಳದ ನಡುವೆಯೂ ತಿದ್ದಿದೆ. ಮೂವತ್ತಾರು ವರ್ಷ ತಿದ್ದಿ ತೀಡಿದ ಆ ಕನ್ನಡ ಒಂದೇ ಬೆಳಿಗ್ಗೆಗೆ ತೊಳೆದುಹೋಯಿತು. ನಾನು ಒಮ್ಮೆಯೂ ಕೈ ಹಚ್ಚದ ಕೊಂಕಣಿ ಮಾತ್ರ ಗಟ್ಟಿಯಾಗಿ ಉಳಿಯಿತು. ನನ್ನ ಪಾಠದ ಗುಣಮಟ್ಟದ ಬಗ್ಗೆ ಇಷ್ಟು ನಿಖರವಾದ ವರದಿಯನ್ನು ಯಾವ ಇನ್‌ಸ್ಪೆಕ್ಟರರೂ ಬರೆದಿರಲಿಲ್ಲ.

ಅಂಕೋಲೆಯಲ್ಲಿದ್ದು ಕೊಂಕಣಿ ಬಾರದು ಎಂದರೆ ಜನ ನಂಬುವುದಿಲ್ಲ. ಮೀನು ಕೊಳ್ಳುವಷ್ಟಾದರೂ ಎಲ್ಲರಿಗೂ ಬರುತ್ತದೆ. ನನಗೆ ಅದೂ ಬರುತ್ತಿರಲಿಲ್ಲ, ಏಕೆಂದರೆ ಮೀನು ತರುತ್ತಿದ್ದವಳು ಅವಳು. ನನ್ನ ಕೆಲಸ ತಿನ್ನುವುದಾಗಿತ್ತು, ಅದಕ್ಕೆ ಭಾಷೆ ಬೇಕಾಗುವುದಿಲ್ಲ. ಅವಳ ತವರಿನವರು ಬಂದಾಗ, ಫೋನಿನಲ್ಲಿ ಮಾತಾಡುತ್ತಾ ಅವಳು ನನ್ನತ್ತ ತಿರುಗಿ ಏನೋ ಕೊಂಕಣಿಯಲ್ಲೇ ಕೇಳಿದಾಗ, ನಾನು ಪೇಪರಿನಿಂದ ಮುಖ ಎತ್ತದೆ "ಹೂಂ" ಎನ್ನುತ್ತಿದ್ದೆ. ಹೂಂ ಎಂಬುದು ಬಹಳ ಅನುಕೂಲದ ಮಾತು. ಕೇಳಿದವರಿಗೆ ಉತ್ತರ ಸಿಕ್ಕಿತೆಂದು ಸಮಾಧಾನ, ನಮಗೆ ಪೇಪರು ಓದಲು ಅವಕಾಶ. ಅದರ ಮೇಲೆಯೇ ನಮ್ಮ ಸಂಸಾರ ಮೂವತ್ತಾರು ವರ್ಷ ನಡೆಯಿತು.

ಈಗ ಅವಳು ಕುರ್ಚಿಯಲ್ಲಿ ಕುಳಿತು ನನ್ನ ಮುಖ ನೋಡಿಕೊಂಡು ಒಂದು ಮಾತು ಕೇಳುತ್ತಾಳೆ. ಎಳೆಎಳೆಯಾಗಿ, ಕಷ್ಟಪಟ್ಟು, ಒಂದೊಂದೇ ಪದ ಹುಡುಕಿ ಕೇಳುತ್ತಾಳೆ. ಕೇಳಿ ಮುಗಿಸಿ ಕಾಯುತ್ತಾಳೆ. ನಾನು ಹೂಂ ಎನ್ನುತ್ತೇನೆ. ಅವಳು ಇನ್ನೊಂದು ಕ್ಷಣ ನನ್ನ ಮುಖ ನೋಡಿ, ಗೋಡೆಯ ಕಡೆಗೆ ತಿರುಗಿಬಿಡುತ್ತಾಳೆ. ದಿನಕ್ಕೆ ನಾಲ್ಕಾರು ಸಲ ಇದೇ ಆಯಿತು. ಕ್ರಮೇಣ ಅವಳು ನನ್ನನ್ನು ಕೇಳುವುದನ್ನೇ ಕಡಿಮೆ ಮಾಡಿದಳು. ನನಗೆ ಹೆದರಿಕೆಯಾಯಿತು. ಅವಳು ಸತ್ತಿರಲಿಲ್ಲ, ಎದುರಿಗೇ ಇದ್ದಳು, ಆದರೂ ನನ್ನ ಜೊತೆ ಮಾತಾಡುವವಳು ಹೊರಟುಹೋಗುತ್ತಿದ್ದಾಳೆ ಎಂಬ ಹೆದರಿಕೆ. ಅದನ್ನು ಯಾರಿಗೂ ಹೇಳದೆ ಅಂಗಳದಲ್ಲಿ ಅಡ್ಡಾಡುತ್ತಿದ್ದೆ.

ಆರೈಕೆಗೆಂದು ಬಂದು ಉಳಿದಿದ್ದ ಅವಳ ತಂಗಿ ಅದನ್ನು ಗಮನಿಸಿದ್ದಳು. ಒಂದು ದಿನ ಊಟಕ್ಕೆ ಬಡಿಸುತ್ತಾ ಹೇಳಿದಳು.

"ಭಾವ, ಅಕ್ಕ ದಿನಾ ಮಠದ ಸುದ್ದಿ ತೆಗೀತೆ ಇದ್ದಾಳೆ. ಈ ವರ್ಷ ಸೇವೆ ತಪ್ತದೆ ಹೇಳಿ ಅವ್ಳಿಗೆ ಜೀವಕ್ಕೆ ಸಮಾಧಾನ ಇಲ್ಲ. ನೀವು ಹೋಗಿ ಬನ್ನಿ."

"ಎಂತ ಸೇವೆ?"

"ಅಲ್ಲಿ ಹೋದ್ರೆ ಹೇಳ್ತ್ರು."

"ಅಲ್ಲಿ ಎಲ್ಲ ಕೊಂಕಣಿ ಅಲ್ವನೆ?"

"ಇಲ್ಲಿ ಎಂತದು ಮತ್ತೆ? ಇಲ್ಲಿ ನೀವು ಅಕ್ಕನ ಎದುರಿಗೆ ಬಂದು ನಿಂತ್ಕಣ್ತ್ರಿ, ಹೂಂ ಹೇಳ್ತ್ರಿ, ಹೋಗ್ತ್ರಿ. ಆ ಹೂಂ ಅಲ್ಲೇ ಹೋಗಿ ಹೇಳಿ. ಅವ್ಳಿಗೆ ಸೇವೆ ಆಯ್ತು ಹೇಳಾದ್ರೂ ಆಗ್ತದೆ."

ಪ್ರತಿ ವರ್ಷ ಶ್ರಾವಣದಲ್ಲಿ ಏಳು ದಿನ ನನ್ನ ಹೆಂಡತಿ ಆ ಮಠಕ್ಕೆ ಹೋಗುತ್ತಿದ್ದದ್ದು ನಿಜ. ಅಲ್ಲಿ ಏನು ಮಾಡುತ್ತಾಳೆಂದು ನಾನು ಕೇಳಿರಲಿಲ್ಲ. ಭಜನೆ ಇರಬಹುದು, ಪುಕ್ಕಟೆ ಊಟ ಇರಬಹುದು ಎಂದುಕೊಂಡಿದ್ದೆ. ಆ ಏಳು ದಿನ ನಾನು ಹೋಟೆಲಿನಲ್ಲಿ ಉಂಡು, ಗೆಳೆಯರೆದುರು ಸ್ವಾತಂತ್ರ್ಯೋತ್ಸವ ಎಂದು ನಗುತ್ತಿದ್ದೆ. ನಗುವುದಕ್ಕೆ ಆಗ ಬಹಳ ವಿಷಯಗಳಿದ್ದವು.

ಮಠ ಕಾಳಿ ನದಿಯ ಆಚೆ ಬದಿಗಿದೆ. ಕಾರವಾರದಲ್ಲಿ ಬಸ್ಸು ಬದಲಾಯಿಸಿ, ಸೇತುವೆ ದಾಟಿ, ಮಳೆಯಲ್ಲಿ ಒಂದು ಏರು ಹತ್ತಿ ಹೋದೆ. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಅಂಗಳದಲ್ಲಿ ಯಾರದೋ ಮದುವೆಗೆ ತಂದು ಹಿಂದಿರುಗಿಸಲು ಮರೆತ ಹಾಗೆ ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಸ್ವಾಮಿಗಳು ಗೋವೆಯ ಕಡೆಯವರು, ಚಾತುರ್ಮಾಸ್ಯಕ್ಕೆ ಅಲ್ಲಿ ತಂಗಿದ್ದರು. ಅವರೊಂದಿಗೆ ಬಂದ ಪರಿವಾರವೂ ಆ ಕಡೆಯದೇ. ಕನ್ನಡ ಬಲ್ಲವರು ಎಂದು ನನಗೆ ತೋರಿಸಿದ್ದು ಪಾರುಪತ್ಯಗಾರರನ್ನು. ಮಠದ ಆಡಳಿತ ನೋಡಿಕೊಳ್ಳುವ ಈ ಮಹಾನುಭಾವರ ಕನ್ನಡ ಪೂರ್ತಿ ಸರಕಾರಿ ಕಚೇರಿಗಳಲ್ಲಿ ನಿಂತು ಕಲಿತದ್ದು. ಅದರಲ್ಲಿ ಒಟ್ಟು ಮೂರು ವಾಕ್ಯಗಳಿದ್ದವು.

"ಆಧಾರ್ ಪ್ರತಿ ಲಗತ್ತಿಸಿ" ಎಂದರು. ಲಗತ್ತಿಸಿದೆ. "ಇಲ್ಲಿ ಸಹಿ ಮಾಡಿ" ಎಂದರು. ಮಾಡಿದೆ. ನಂತರ ನನ್ನ ಮೊಬೈಲನ್ನು ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿ, "ಸಹಕರಿಸಿ" ಎಂದರು. ಅಲ್ಲಿಗೆ ಕನ್ನಡ ಮುಗಿಯಿತು. ಜಿಲ್ಲಾ ಕೇಂದ್ರದಿಂದ ಸೇತುವೆ ದಾಟಿದರೆ ಸಿಗುವ ಜಾಗ ಅದು. ರಾಜ್ಯೋತ್ಸವದ ದಿನ ಧ್ವಜದ ಕೆಳಗೆ ನಿಂತು ಮೂರು ದಶಕ ಭಾಷಣ ಬಿಗಿದವನು ನಾನು. ಆ ಭಾಷಣದ ಒಂದು ಸಾಲೂ ಅಲ್ಲಿ ಒಂದು ಚೊಂಬು ನೀರು ಗಿಟ್ಟಿಸಿಕೊಡುವಂತಿರಲಿಲ್ಲ.

ಹೆಂಡತಿಯ ಹೆಸರು ಹೇಳಿದೆ. ಆ ಒಂದು ಹೆಸರಿಗೆ ಇಡೀ ಮಠವೇ ಎದ್ದು ಬಂತು. ಹೂ ಕಟ್ಟುತ್ತಿದ್ದವರು, ನೆಲ ಒರೆಸುತ್ತಿದ್ದವರು, ಎಲ್ಲರೂ ನನ್ನ ಸುತ್ತ ನಿಂತು ಒಟ್ಟಿಗೆ ಏನೇನೋ ಕೇಳಿದರು. ಅವಳ ಆರೋಗ್ಯ ಕೇಳುತ್ತಿದ್ದಾರೆ ಎಂಬಷ್ಟು ಊಹೆ ನನಗೂ ಹತ್ತಿತು. ನಡುವಿನಿಂದ ಒಬ್ಬ ಮುದುಕಿ ಮುಂದೆ ಬಂದಳು. ಬೆನ್ನು ಬಾಗಿತ್ತು, ಧ್ವನಿ ಮಾತ್ರ ನೆಟ್ಟಗೆ ನಿಂತಿತ್ತು. ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಮಾವಶಿ ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ಉದ್ದವಾಗಿ ಏನೋ ಕೇಳಿದಳು.

ನಾನು ಹೂಂ ಎಂದೆ.

ಎಲ್ಲರ ಮುಖ ಅರಳಿತು. ನನಗೂ ಖುಷಿಯಾಯಿತು, ಇಲ್ಲಿಯೂ ನನ್ನ ಪದ ನಡೆಯುತ್ತದೆ ಎಂದು. ಹೂಂ ಎಂದದ್ದರ ಅರ್ಥ ಮರುದಿನ ಬೆಳಿಗ್ಗೆ ತಿಳಿಯಿತು. ಸ್ನಾನ ಮುಗಿಸಿ ಬಂದವನನ್ನು ಅಡುಗೆಮನೆಯ ಹೊರಗಿನ ಪಡಸಾಲೆಗೆ ಕರೆದೊಯ್ದು, ಹೆಂಗಸರ ಸಾಲಿನ ನಡುವೆ ಖಾಲಿ ಇದ್ದ, ಕಾಯಿ ತುರಿಯುವ ಒಂದು ಹೆರೆಮಣೆಯನ್ನು ತೋರಿಸಿದರು. ಎದುರಿಗೆ ಒಡೆದಿಟ್ಟ ತೆಂಗಿನಕಾಯಿಗಳ ರಾಶಿ. ಅದು ನನ್ನ ಹೆಂಡತಿಯ ಮಣೆಯೆಂದು ಅವಳ ಹೆಸರು ಹೇಳಿ ತಟ್ಟಿ ತೋರಿಸಿದರು, ಉಳಿದದ್ದು ಆಮೇಲೆ ತಿಳಿಯಿತು. ಸೇವೆ ಹಿಡಿದವರು ಬಾರದಿದ್ದರೆ ಆ ಮನೆಯವರೇ ಬಂದು ಆ ಜಾಗದಲ್ಲಿ ಕೂರಬೇಕು, ಬೇರೆಯವರು ಮುಟ್ಟುವಂತಿಲ್ಲ. ಕೂರುತ್ತೀಯಾ ಎಂದು ಮಾವಶಿ ಕೇಳಿದ್ದಳು, ನಾನು ಹತ್ತಾರು ಜನರ ಸಾಕ್ಷಿಯಲ್ಲಿ ಒಪ್ಪಿದ್ದೆ.

ಜೀವಮಾನದಲ್ಲಿ ನಾನು ಕಾಯಿ ಹೆರೆದಿರಲಿಲ್ಲ. ಹುಳಿಗೆ ಕಾಯಿ ಸಾಲದು ಎಂದು ಹೇಳುವುದಷ್ಟೇ ನನ್ನ ಪಾಲಿಗೆ ಬಂದ ಕೆಲಸವಾಗಿತ್ತು, ಅದನ್ನು ತಪ್ಪದೆ ಮಾಡಿದ್ದೆ. ಈಗ ಒಂದು ಮೊಳ ಉದ್ದದ ಮಣೆಯ ಮೇಲೆ ಮಂಡಿ ಮಡಚಿ ಕೂರುವುದೇ ಒಂದು ಯೋಗಾಸನವಾಯಿತು. ಮೊದಲ ಹೋಳಿಗೇ ಹೆಬ್ಬೆರಳು ಕೊಯ್ದುಕೊಂಡೆ. ಮಾವಶಿ ಅರಿಶಿನ ಒತ್ತಿ, ಬಟ್ಟೆ ಸುತ್ತಿ, ಮತ್ತೊಂದು ಹೋಳು ಕೈಗಿಟ್ಟಳು. ರಜೆ ಕೊಡುವ ಪದ್ಧತಿ ಅಲ್ಲಿರಲಿಲ್ಲ.

ಅವಳ ಮುಖ್ಯ ತಕರಾರು ಇದ್ದದ್ದು ನಾನು ಚಿಪ್ಪಿನವರೆಗೆ ಹೆರೆಯುವುದರ ಮೇಲೆ. ಬಿಳಿ ಮುಗಿದು ಕಂದು ಬಣ್ಣ ಕಾಣುವ ಮೊದಲೇ ಕೈ ನಿಲ್ಲಬೇಕು. ನನ್ನ ಕೈ ನಿಲ್ಲುತ್ತಿರಲಿಲ್ಲ. ತಟ್ಟೆಯ ಬಿಳಿ ರಾಶಿಯಲ್ಲಿ ಕಂದು ಚೂರು ಕಂಡ ಕೂಡಲೇ ಮಾವಶಿ ಅದನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದು ಒಂದು ಮಾತು ಹೇಳುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಮುಂದಿನ ಹೋಳನ್ನೂ ಹಾಗೆಯೇ ಹೆರೆಯುತ್ತಿದ್ದೆ. ಕಾಪಿ ಪುಸ್ತಕದಲ್ಲಿ ಒಂದೇ ತಪ್ಪನ್ನು ಹತ್ತು ಸಲ ಬರೆದು ತರುತ್ತಿದ್ದ ಮಕ್ಕಳಿಗೆ ನಾನು ಏನು ಮಾಡುತ್ತಿದ್ದೆನೆಂದು ನೆನೆದು, ಮಾವಶಿಯ ಕೈಯಲ್ಲಿ ಬೆತ್ತವಿಲ್ಲವೆಂದು ಸಮಾಧಾನ ಪಟ್ಟೆ.

ಹೂಂನ ಫಲ ಅಷ್ಟಕ್ಕೇ ಮುಗಿಯಲಿಲ್ಲ. ಪಂಕ್ತಿಯಲ್ಲಿ ಬಡಿಸುವವನು ಬಗ್ಗಿ ಏನೋ ಕೇಳಿದ, ಹೂಂ ಎಂದೆ, ಎಲೆಯ ಮೇಲೆ ಹಾಗಲಕಾಯಿಯ ಗುಡ್ಡ ಬಿತ್ತು. ಎಲೆಯಲ್ಲಿ ಏನೂ ಬಿಡುವಂತಿಲ್ಲ ಎಂಬ ಫಲಕ ಗೋಡೆಯ ಮೇಲೆ ಮೂರು ಭಾಷೆಗಳಲ್ಲಿತ್ತು, ಕನ್ನಡವೂ ಅವುಗಳಲ್ಲಿ ಒಂದು. ಮೂರನೆಯ ದಿನ ಸ್ವಾಮಿಗಳ ದರ್ಶನಕ್ಕೆ ಕರೆದರು. ಅವರು ನಗುತ್ತಾ, ಮೆಲುದನಿಯಲ್ಲಿ ಕೇಳಿದ್ದಕ್ಕೆ ನಾನು ಕೈಮುಗಿದು ಹೂಂ ಎಂದೆ. ಮರುದಿನ ಏಕಾದಶಿ. ಎಲ್ಲರಿಗೂ ಬಾಳೆಹಣ್ಣು, ಅವಲಕ್ಕಿ, ಹಾಲು ಬಂತು. ನನ್ನ ಮುಂದೆ ಒಂದು ಸೌಟು ತುಳಸಿ ತೀರ್ಥ ಹಾಕಿ, ಭಕ್ತಿಯಿಂದ ನನ್ನನ್ನು ನೋಡಿ ಮುಂದೆ ಹೋದರು. ನಿರಾಹಾರ ಉಪವಾಸಕ್ಕೆ ನಾನು ಸ್ವಾಮಿಗಳೆದುರೇ ಮಾತು ಕೊಟ್ಟಿದ್ದೆನಂತೆ. ಆ ಮಧ್ಯಾಹ್ನ ಕಿಟಕಿಯಿಂದ ಕಾಳಿಯ ಮೇಲೆ ಬಲೆ ಬೀಸುವವನೊಬ್ಬನನ್ನು ನೋಡುತ್ತಾ ಕುಳಿತಿದ್ದೆ. ನನ್ನಷ್ಟು ಏಕಾಗ್ರತೆಯಿಂದ ಧ್ಯಾನ ಮಾಡಿದವರು ಆ ಮಠದಲ್ಲಿ ಬೇರೆ ಯಾರೂ ಇರಲಿಲ್ಲ.

ಐದನೆಯ ದಿನ ಬೆಳಿಗ್ಗೆ, ಕಾಯಿ ಹೆರೆಯುತ್ತಿದ್ದಾಗ, ಹಿಂಬಾಗಿಲಿನಿಂದ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದಳು. ಹರಿವೆ, ಬಸಳೆ, ಸೌತೆ, ಒಂದಿಷ್ಟು ಅಬ್ಬಲಿಗೆ ಹೂ. ಬುಟ್ಟಿ ಇಳಿಸಿ, ಮಾವಶಿಯೊಂದಿಗೆ ಪಟಪಟ ಕೊಂಕಣಿಯಲ್ಲಿ ಚೌಕಾಸಿ ಮಾಡಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದವಳು ನೋಡುತ್ತಲೇ ನಿಂತಳು.

"ಹಟ್ಟಿಕೇರಿ ಶಾಲೆ ಮಾಸ್ತರಲ್ರಾ ನೀವು? ಅಯ್ಯೋ, ಇಲ್ಲಿ ಕಾಯಿ ಹೆರೀತೆ ಕುಂತಿದ್ರಿ?"

ಕನ್ನಡ! ಐದು ದಿನದ ಮೇಲೆ ನನ್ನ ಕಿವಿಗೆ ಬಿದ್ದ ಕನ್ನಡ. ನಾನೇನಾದರೂ ಎದ್ದು ಅವಳ ಕಾಲಿಗೆ ಬಿದ್ದಿದ್ದರೆ ತಪ್ಪಿರಲಿಲ್ಲ, ಮಂಡಿ ಬಿಡಲಿಲ್ಲ ಅಷ್ಟೇ. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅದನ್ನು ಅವಳೇ ನೆನಪಿಸಿದಳು, ಯಾವ ಮುನಿಸೂ ಇಲ್ಲದೆ.

"ನೀವು ನನ್ನ ಪ್ರಗತಿ ಪತ್ರದಾಗೆ ಬರ್ದಿದ್ರಿ, ಭಾಷೆಯಲ್ಲಿ ಬಹಳ ಹಿಂದೆ ಹೇಳಿ. ಅಪ್ಪಗೆ ಓದೂಕೆ ಬರೂದಿಲ್ಲಾಗಿತ್ತು, ಬಚಾವಾದೆ."

ಭಾಷೆಯಲ್ಲಿ ಬಹಳ ಹಿಂದೆ ಇದ್ದ ಆ ಹೆಣ್ಣುಮಗಳು ಮನೆಯಲ್ಲಿ ತನ್ನ ಕೇರಿಯ ಕನ್ನಡ, ಪೇಟೆಯಲ್ಲಿ ಕೊಂಕಣಿ, ಗಡಿಯಾಚೆಯ ಗಿರಾಕಿಗಳಿಗೆ ಮರಾಠಿ ಆಡುತ್ತಾ ಇಪ್ಪತ್ತು ವರ್ಷದಿಂದ ಸೊಪ್ಪು ಮಾರುತ್ತಿದ್ದಳು. ಭಾಷೆಯಲ್ಲಿ ಮುಂದೆ ಇದ್ದ ಮಾಸ್ತರರು ಬೆರಳಿಗೆ ಬಟ್ಟೆ ಸುತ್ತಿಕೊಂಡು, ಬಡಿಸುವವನಿಗೆ ಬೇಡ ಎನ್ನಲಾರದೆ ಹಾಗಲಕಾಯಿ ತಿನ್ನುತ್ತಿದ್ದರು. ಆ ಪ್ರಗತಿ ಪತ್ರ ಈಗೇನಾದರೂ ಸಿಕ್ಕಿದರೆ ಹೆಸರು ಹೊಡೆದು ನನ್ನದು ಬರೆದುಕೊಳ್ಳುತ್ತೇನೆ.

ನಾವು ಮಾತಾಡುವುದನ್ನು ಕಂಡು ಮಾವಶಿಗೆ ಏನು ಹೊಳೆಯಿತೋ, ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ನನ್ನತ್ತ ತಿರುಗಿದಳು. ಗಂಭೀರವಾಗಿ ಒಂದು ಪ್ರಶ್ನೆ ಕೇಳಿದಳು. ಹೂಂ ಎಂದೆ. ಇನ್ನೊಂದು ಕೇಳಿದಳು. ಹೂಂ. ಮತ್ತೊಂದು. ಹೂಂ. ಸಾಲಿನಲ್ಲಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬಳು ನಗು ತಡೆಯಲಾರದೆ ಎದ್ದು ಅಂಗಳಕ್ಕೇ ಓಡಿದಳು.

"ಎಂತ ಕೇಳಿದ್ರು?" ಎಂದೆ ಸೊಪ್ಪಿನವಳಿಗೆ.

"ಬೇಜಾರು ಮಾಡ್ಕಳ್ಬೇಡಿ ಮಾಸ್ತರೆ. ಮೊದ್ಲು ಕೇಳಿದ್ದು ಮಿಂದ್ರಾ ಹೇಳಿ. ಹೂಂ ಅಂದ್ರಿ. ಕಡಿಗೆ ಕಾಗೆ ಬಿಳಿ ಬಣ್ಣದ್ದಾ ಹೇಳಿ. ಅದ್ಕೂ ಹೂಂ. ಆಮೇಲೆ ನಿಮ್ಗೆ ಬಾಲ ಉಂಟಾ ಹೇಳಿ ಕೇಳಿದ್ರು."

ಸಿಟ್ಟು ಬಂತು. ಊರಿನಲ್ಲಿ ನನ್ನನ್ನು ಕಂಡರೆ ಇವತ್ತಿಗೂ ಜನ ಬೀಡಿ ಹಿಂದೆ ಮಾಡುತ್ತಾರೆ. ಇಲ್ಲಿ ಒಂದು ಮುದುಕಿ ನನಗೆ ಬಾಲ ಹಚ್ಚುತ್ತಿದ್ದಾಳೆ! ಎದ್ದು ಹೋಗಬೇಕೆಂದು ಮಣೆಗೆ ಕೈ ಊರಿದೆ. ಅಷ್ಟರಲ್ಲಿ ಮಾವಶಿ ಪಕ್ಕದಲ್ಲಿದ್ದ ಬಾಳೆಎಲೆಯೊಂದನ್ನು ಎತ್ತಿಕೊಂಡು, ಎರಡೂ ಕೈಯಲ್ಲಿ ಅಗಲಿಸಿ, ಪೇಪರಿನ ಹಾಗೆ ಮುಖದೆದುರು ಹಿಡಿದಳು. ಎಲೆಯ ಹಿಂದಿನಿಂದ, ಗಂಡಸಿನ ದಪ್ಪ ಧ್ವನಿಯಲ್ಲಿ, ಆಕಳಿಕೆ ಬೆರೆಸಿ, "ಹೂಂ" ಎಂದಳು.

ಅದು ನನ್ನ ಹೂಂ. ತಕ್ಕಡಿಯಲ್ಲಿ ತೂಗಿದರೂ ವ್ಯತ್ಯಾಸ ಬರುತ್ತಿರಲಿಲ್ಲ. ಮಾವಶಿ ನನ್ನ ಮನೆಗೆ ಎಂದೂ ಬಂದವಳಲ್ಲ, ನಾನು ಪೇಪರು ಓದುವುದನ್ನು ಕಂಡವಳಲ್ಲ. ಅದನ್ನು ಅವಳಿಗೆ ಕಲಿಸಿದವರು ಯಾರೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸೊಪ್ಪಿನವಳು ಆದರೂ ಹೇಳಿದಳು. ಮಾವಶಿ ಮಾತಾಡುತ್ತಾ ಹೋದಳು, ಅವಳು ಕನ್ನಡ ಮಾಡುತ್ತಾ ಹೋದಳು.

"ನಿಮ್ಮ ಮನೆಯವ್ರು ಇಲ್ಲಿ ಕುಂತು ದಿನಾ ಇದನ್ನ ಮಾಡಿ ತೋರಿಸ್ತಿದ್ರಂತೆ. ಎಲ್ಲರೂ ನಗೂದಂತೆ. ಮಾವಶಿ ಒಂದ್ಸಲ ಕೇಳಿದ್ರಂತೆ, ವರ್ಷಾ ವರ್ಷಾ ಬರ್ತ್ರಿ, ಎಂತ ಹರಕೆ ನಿಮ್ದು ಹೇಳಿ. ಹರಕೆ ಗಿರಕೆ ಎಂತದೂ ಇಲ್ಲ ಅಂದ್ರಂತೆ. ಮಾತಾಡೂಕೆ ಬರ್ತೆ ಅಂದ್ರಂತೆ. ವರ್ಷದ ಮಾತೆಲ್ಲ ಕೂಡಿಟ್ಕಂಡ್ ಬರೂದು, ಏಳು ದಿನ ಆಡಿ ಖಾಲಿ ಮಾಡೂದು, ಹೋಗೂದು."

ಮಾವಶಿ ಇನ್ನೂ ಒಂದು ಮಾತು ಸೇರಿಸಿದಳು. ಸೊಪ್ಪಿನವಳು ಅದನ್ನೂ ಕನ್ನಡ ಮಾಡಿದಳು.

"ಮನೆಯಾಗೆ ತನ್ನ ಮಾತಲ್ಲಿ ತಪ್ಪು ಹುಡುಕ್ತ್ರು, ಮಾತು ಕೇಳೂದಿಲ್ಲ ಹೇಳ್ತಿದ್ರಂತೆ."

ನಾನು ಏಳಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಅವಳು ನನ್ನನ್ನು ಆಡಿಕೊಂಡದ್ದಕ್ಕಲ್ಲ. ಮೂವತ್ತಾರು ವರ್ಷ ಅವಳಿಗೆ ಎಲ್ಲ ಗೊತ್ತಿತ್ತಲ್ಲ, ಅದಕ್ಕೆ. ನನ್ನ ಹೂಂ ಪೊಳ್ಳೆಂದು ಅವಳಿಗೆ ಮೊದಲ ವರ್ಷವೇ ತಿಳಿದಿತ್ತು. ಆದರೂ ಕನ್ನಡ ಇದ್ದಷ್ಟು ಕಾಲ ಅದನ್ನು ಸಹಿಸಿದಳು, ಏಕೆಂದರೆ ಬೇಕಾದದ್ದನ್ನು ಕನ್ನಡದಲ್ಲಿ ಇನ್ನೊಮ್ಮೆ ಕೇಳಬಹುದಿತ್ತು, ನನ್ನಿಂದ ತಿದ್ದಿಸಿಕೊಂಡಾದರೂ. ಈಗ ಅದೂ ಇಲ್ಲ. ಈಗ ಅವಳ ಕೈಯಲ್ಲಿ ಉಳಿದದ್ದು ನನ್ನ ಹೂಂ ಒಂದೇ. ಅದಕ್ಕೆ ಗೋಡೆಯ ಕಡೆ ತಿರುಗುತ್ತಿದ್ದಳು. ಮಣೆಯ ಮೇಲೆ ಕುಳಿತಲ್ಲೇ ನನ್ನ ಕಣ್ಣು ತುಂಬಿತು. ಹೆಂಗಸರು ನಗುವುದನ್ನು ನಿಲ್ಲಿಸಿ ಕಾಯಿ ಹೆರೆಯತೊಡಗಿದರು, ನನ್ನನ್ನು ನೋಡದ ಹಾಗೆ.

ಸೊಪ್ಪಿನವಳು ಬುಟ್ಟಿ ಎತ್ತುವಾಗ ಕೇಳಿದೆ. "ತಿಳೀಲಿಲ್ಲ ಅಂದ್ರೆ ಇವರ ಮಾತಲ್ಲಿ ಏನಂತ ಹೇಳೂದು?"

"ಕಿತೆಂ ಹೇಳಿ ಕೇಳಿ. ಎಂತದು ಹೇಳಿ, ಅಷ್ಟೇಯ. ಪೇಟೆಲಿ ನಾ ಕಲ್ತಿದ್ದೂ ಅದೊಂದ್ರಿಂದ್ಲೇ. ಹತ್ತು ಸಲ ಕೇಳೂದು. ನಗ್ತ್ರು. ನಗ್ಲಿ. ನಾಚ್ಕಂಡ್ರೆ ಸೊಪ್ಪು ಬಾಡಿ ಹೋಗ್ತದೆ ಮಾಸ್ತರೆ."

ನನ್ನ ಮೂವತ್ತೆರಡು ವರ್ಷದ ವೃತ್ತಿಯಲ್ಲಿ ಮಕ್ಕಳಿಗೆ ನಾನು ಕಲಿಸಿದ್ದು ಇದಕ್ಕೆ ತದ್ವಿರುದ್ಧ. ತಿಳಿಯಿತೇ ಎಂದು ಕೇಳುತ್ತಿದ್ದೆ. ಇಡೀ ತರಗತಿ ಹೂಂ ಎನ್ನುತ್ತಿತ್ತು. ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಇಲ್ಲ ಎಂದವರ ಗತಿ ಏನಾಗುತ್ತಿತ್ತೆಂದು ಇಲ್ಲಿ ಬರೆಯುವುದು ಬೇಡ.

ಉಳಿದ ಎರಡು ದಿನ ನಾನು ಮಠದವರ ಜೀವ ತಿಂದೆ. ಮಾವಶಿ ಕಂದು ಚೂರು ಎತ್ತಿ ಮೂಗಿಗೆ ಹಿಡಿದಾಗ, "ಕಿತೆಂ?" ಎಂದೆ. ಅವಳು ಬೆಚ್ಚಿಬಿದ್ದಳು. ಮತ್ತೆ ಹೇಳಿದಳು. "ಕಿತೆಂ?" ಹೋಳನ್ನು ನನ್ನ ಕೈಯಿಂದ ಕಿತ್ತುಕೊಂಡು, ತಾನೇ ಮಣೆಯ ಮೇಲೆ ಕುಳಿತು, ಒಂದೊಂದು ಹೆರೆತಕ್ಕೂ ಒಂದೊಂದು ಪದ ಹೇಳಿ ತೋರಿಸಿದಳು. ಕೈ ಎಲ್ಲಿ ನಿಲ್ಲಬೇಕೆಂದು ಆಗ ತಿಳಿಯಿತು. ಬಡಿಸುವವನು ಬಗ್ಗಿ ಕೇಳಿದಾಗ "ಕಿತೆಂ?" ಎಂದೆ, ಅವನು ಸೌಟು ತೋರಿಸಿದ, ಹಾಗಲಕಾಯಿ ಕಂಡಿತು. "ನಾಕಾ" ಎಂದೆ. ಬೇಡ ಎನ್ನುವ ಆ ಒಂದು ಪದ ಮೂರು ದಿನ ಮೊದಲೇ ಬಂದಿದ್ದರೆ ನನ್ನ ಬಾಯಿ ಅಷ್ಟು ಕಹಿಯಾಗುತ್ತಿರಲಿಲ್ಲ. ನೀರಿಗೆ ಉದಕ, ಸಾಕು ಎನ್ನಲು ಪುರೊ. ಪಾರುಪತ್ಯಗಾರರನ್ನೂ ಬಿಡಲಿಲ್ಲ. ನನ್ನನ್ನು ದೂರದಿಂದ ಕಂಡರೆ ಅವರು ಲೆಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಂತಾಯಿತು.

ಹೊರಡುವ ದಿನ ಸ್ವಾಮಿಗಳು ಮಂತ್ರಾಕ್ಷತೆ ಕೊಡಲು ಕರೆದರು. ಏನೋ ಹೇಳಿದರು. ನನ್ನ ಬಾಯಿಗೆ ಹಳೆಯ ಹೂಂ ಬಂತು, ನುಂಗಿಕೊಂಡೆ. "ಕಿತೆಂ?" ಎಂದೆ. ಪೀಠದ ಎದುರು ಹಾಗೆ ಕೇಳಿದವರು ಇರಲಿಕ್ಕಿಲ್ಲ. ಪಾರುಪತ್ಯಗಾರರ ಬಾಯಿ ತೆರೆದುಕೊಂಡೇ ಉಳಿಯಿತು, "ಸಹಕರಿಸಿ" ಎನ್ನಲೂ ಅವರಿಗೆ ನೆನಪಾಗಲಿಲ್ಲ. ಸ್ವಾಮಿಗಳು ಮಾತ್ರ ನಕ್ಕು, ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದು ಮೇಲಕ್ಕೆತ್ತಿ ತೋರಿಸಿ, ನಿಧಾನವಾಗಿ ಮತ್ತೆ ಕೇಳಿದರು. ಅವಳ ಕೈ ಹೇಗಿದೆ ಎಂದು ಕೇಳುತ್ತಿದ್ದರು. ನನಗೆ ತಿಳಿದ ಹತ್ತಿಪ್ಪತ್ತು ಪದಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾನು ನನ್ನ ಕೈಯನ್ನು ಅರ್ಧ ಎತ್ತಿ, ಅಲ್ಲೇ ನಡುಗಿಸಿ ತೋರಿಸಿದೆ. ಅವರು ತಲೆಯಾಡಿಸಿ, ಪೂಜೆಯ ತೆಂಗಿನಕಾಯಿಯೊಂದನ್ನು ನನ್ನ ಉಡಿಗೆ ಹಾಕಿದರು. ಮಾವಶಿ ಬಾಗಿಲವರೆಗೆ ಬಂದಳು. ಕೊನೆಯ ಮಾತಾಗಿ ಬಾಳೆಎಲೆ ಇಲ್ಲದೆಯೇ ಒಮ್ಮೆ "ಹೂಂ" ಎಂದು, ತಲೆ ಅಡ್ಡ ಆಡಿಸಿದಳು.

ಕಾರವಾರದ ನಿಲ್ದಾಣದಲ್ಲಿ ಬಸ್ಸು ಹತ್ತಿ ಕುಳಿತಾಗ ಪಕ್ಕದ ಸೀಟಿಗೆ ಮೀನಿನ ಬುಟ್ಟಿ ಖಾಲಿ ಮಾಡಿಕೊಂಡ ಹೆಂಗಸೊಬ್ಬಳು ಬಂದು ಕುಳಿತಳು. ಬುಟ್ಟಿಯ ವಾಸನೆಗೆ ಏಳು ದಿನದ ನನ್ನ ಪುಣ್ಯವೆಲ್ಲ ಕರಗಿ ಬಾಯಲ್ಲಿ ನೀರಾಯಿತು. ಆದರೂ ಅಂಕೋಲೆಯಲ್ಲಿ ಇಳಿದವನು ಮೀನುಪೇಟೆಯ ಕಡೆ ತಿರುಗದೆ ನೇರ ಮನೆಗೆ ನಡೆದೆ. ಇದನ್ನು ಯಾರೂ ನಂಬಿಲ್ಲ, ನೀವೂ ನಂಬಬೇಕಾಗಿಲ್ಲ.

ಹೆಂಡತಿ ಅಡುಗೆಮನೆಯ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕುಳಿತಿದ್ದಳು. ನನ್ನನ್ನು ನೋಡಿದಳು, ಮುಖ ಬದಲಾಗಲಿಲ್ಲ. ಅವಳ ತಂಗಿ ಚಹಾಕ್ಕಿಡಲು ಹೋದಳು. ನಾನು ಕೈಕಾಲು ತೊಳೆದು, ಉಡಿಯ ಕಾಯಿಯನ್ನು ಒಡೆದು, ಮೂಲೆಯಲ್ಲಿದ್ದ ಹೆರೆಮಣೆಯನ್ನು ಎಳೆದುಕೊಂಡು ಅವಳ ಎದುರಿಗೇ ಕುಳಿತೆ. ಅವಳು ಸ್ವಲ್ಪ ಮುಂದಕ್ಕೆ ಬಾಗಿದಳು. ನಾನು ಹೆರೆಯತೊಡಗಿದೆ. ಮಠದ ಮಣೆಗೆ ಒಗ್ಗಿದ್ದ ಕೈ ಮನೆಯ ಮಣೆಗೆ ಒಗ್ಗಲಿಲ್ಲ. ಎರಡನೆಯ ಸುತ್ತಿಗೇ ತಟ್ಟೆಯಲ್ಲಿ ಕಂದು ಚೂರು ಉದುರಿದವು.

ಅವಳು ಏನೋ ಹೇಳಿದಳು. ಉದ್ದದ ಮಾತು, ನಡುವೆ ಎರಡು ಕಡೆ ಪದ ಸಿಗದೆ ನಿಂತು, ಮತ್ತೆ ಹುಡುಕಿ ಹೇಳಿದ ಮಾತು. ಹೇಳಿ ಮುಗಿಸಿ ನನ್ನ ಮುಖ ನೋಡಿದಳು. ಮೂವತ್ತಾರು ವರ್ಷದ ಅಭ್ಯಾಸ ನನ್ನ ಗಂಟಲಿಗೆ ಬಂದು ನಿಂತಿತು. ಅವಳ ತಲೆ ಆಗಲೇ ಗೋಡೆಯ ಕಡೆ ತಿರುಗತೊಡಗಿತ್ತು.

"ಕಿತೆಂ?" ಎಂದೆ.

ತಿರುಗುತ್ತಿದ್ದ ತಲೆ ನಿಂತಿತು. ಹೆಂಡತಿ ನನ್ನನ್ನು ಬಹಳ ಹೊತ್ತು ನೋಡಿದಳು, ಹೊಸ ಬಾಡಿಗೆದಾರನನ್ನು ನೋಡುವವರ ಹಾಗೆ. ಆಮೇಲೆ ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು, ಎಡಗೈಯಿಂದ ತಟ್ಟೆ ತೋರಿಸುತ್ತಾ. ಅರ್ಧವೂ ತಿಳಿಯಲಿಲ್ಲ.

"ಕಿತೆಂ?"

ಈ ಸಲ ಅವಳಿಗೆ ಸಿಟ್ಟು ಬಂತು. ಲಕ್ವಾ ಹೊಡೆದ ಮೇಲೆ ಅವಳ ಮುಖದಲ್ಲಿ ನಾನು ಸಿಟ್ಟು ಕಂಡದ್ದು ಅದೇ ಮೊದಲು. ಕುರ್ಚಿಯ ತುದಿಗೆ ಸರಿದು, ಎಡಗೈ ಚಾಚಿ ನನ್ನ ಕೈಯಿಂದ ಹೋಳನ್ನು ಕಸಿದುಕೊಂಡು, ಬಿಳಿ ಮುಗಿದು ಕಂದು ಶುರುವಾಗುವ ಗೆರೆಯ ಮೇಲೆ ಹೆಬ್ಬೆರಳಿಟ್ಟು, ದೊಡ್ಡ ಧ್ವನಿಯಲ್ಲಿ, ಒಂದೊಂದೇ ಪದ ಬಿಡಿಸಿ ನನಗೆ ಬೈದಳು. ಮಾಸ್ತರರು ದಡ್ಡ ಹುಡುಗನಿಗೆ ಬೈಯುವ ಹಾಗೆ ಬೈದಳು. ಎರಡು ಪದ ತಿಳಿಯಿತು. ಉಳಿದವು ತಿಳಿಯಲಿಲ್ಲ. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ!

ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. ಗೋಡೆಯ ಕಡೆ ತಿರುಗಲಿಲ್ಲ. ನಾನು ಹೋಳನ್ನು ವಾಪಸು ತೆಗೆದುಕೊಂಡು, ಇನ್ನೊಮ್ಮೆ ಕೇಳಿದೆ.